ಗಾಳಿ ಕುಡಿದು ಬದುಕುತ್ತದೆ ಎಂದುಕೊಂಡಿದ್ದ ಪ್ರಾಣಿ

ವಾಟ್ಸಾಪಿನಲ್ಲಿ ಒಂದು ಪ್ರಾಣಿಯ ವಿಡಿಯೊ ಆಗಾಗ ಸುತ್ತುತ್ತಿರುತ್ತದೆ. ನೀವೂ ನೋಡಿರಬಹುದು. ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದಿರುತ್ತದೆ. ಒಂದು ಕೈ ಎತ್ತಿ ಮುಂದಿನ ಕೊಂಬೆ ಹಿಡಿಯುವಷ್ಟರಲ್ಲಿ ನಾವು ಒಂದು ಲೋಟ ಚಹಾ ಕುಡಿದು ಮುಗಿಸಬಹುದು. ಮುಖದಲ್ಲಿ ಸದಾ ಒಂದು ನಗು. ಕೆಳಗೆ ಯಾರೋ ‘ಸೋಮವಾರ ಬೆಳಗ್ಗೆ ನಾನು’ ಎಂದು ಬರೆದಿರುತ್ತಾರೆ. ನಾವೂ ನಕ್ಕು ಇನ್ನೊಂದು ಗ್ರೂಪಿಗೆ ಕಳಿಸುತ್ತೇವೆ.

ಇದರ ಹೆಸರು ಸ್ಲಾತ್. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಬಿಟ್ಟರೆ ಬೇರೆಲ್ಲೂ ಹುಟ್ಟಿ ಬೆಳೆಯುವ ಪ್ರಾಣಿಯಲ್ಲ. ನಮ್ಮ ಕಾಡಿನದಲ್ಲದ್ದರಿಂದ ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ. ಅಂದಹಾಗೆ ಅದು ನಗುವುದೂ ಇಲ್ಲ. ಬಾಯಿಯ ಆಕಾರ ಮತ್ತು ಕಣ್ಣಿನ ಪಕ್ಕದ ಕಪ್ಪು ಪಟ್ಟೆಯಿಂದ ನಮಗೆ ಹಾಗೆ ಕಾಣುತ್ತದೆ. ನೋವಿದ್ದರೂ ಹೆದರಿದ್ದರೂ ಅದೇ ಮುಖ.

ಈ ಪ್ರಾಣಿಯನ್ನು ಮನುಷ್ಯರು ಮನೆಯಲ್ಲಿ, ಬೋನಿನಲ್ಲಿ, ಮೃಗಾಲಯದಲ್ಲಿ ಇಟ್ಟುಕೊಳ್ಳಲು ಹೊರಟು ಐನೂರು ವರ್ಷ ಆಯಿತು. ಅದರಲ್ಲಿ ಬಹುಪಾಲು ಕಾಲ, ಇಟ್ಟುಕೊಂಡವರಿಗೆ ಅದಕ್ಕೇನು ತಿನ್ನಿಸಬೇಕೆಂದೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಬದಲು ಅವರು ಪ್ರಾಣಿಯ ಮೇಲೇ ತಪ್ಪು ಹೊರಿಸಿದರು. ಆ ಕಥೆಯನ್ನು ಇಲ್ಲಿ ಹೇಳುತ್ತಿದ್ದೇವೆ.

ಹೆಸರಿನಿಂದಲೇ ಶುರು ಮಾಡೋಣ. ಇಂಗ್ಲಿಷಿನಲ್ಲಿ ಸ್ಲಾತ್ ಎಂದರೆ ಸೋಮಾರಿತನ. ಪೋರ್ಚುಗೀಸರು ಪ್ರೆಗಿಸಾ ಎಂದರು, ಅದೂ ಸೋಮಾರಿತನವೇ. ಫ್ರೆಂಚರ ಪಾರೆಸ್ಸೂ, ಜರ್ಮನರ ಫೌಲ್‌ಟೀರ್, ಎಲ್ಲದರ ಅರ್ಥವೂ ಅಷ್ಟೇ. ವಿಜ್ಞಾನಿಗಳಾದರೂ ಸುಮ್ಮನಿದ್ದರೇ? ಎರಡು ಬಗೆಯ ಸ್ಲಾತ್‌ಗಳಲ್ಲಿ ಒಂದಕ್ಕೆ ಬ್ರಾಡಿಪಸ್, ಅಂದರೆ ನಿಧಾನ ಕಾಲಿನದು ಎಂದರು. ಇನ್ನೊಂದಕ್ಕೆ ಕೊಲೀಪಸ್, ಅಂದರೆ ಕುಂಟ ಕಾಲಿನದು ಎಂದರು. ಅದೇ ಕಾಡಿನಲ್ಲಿ ಬಾಳಿದ ಬ್ರೆಜಿಲಿನ ಮೂಲನಿವಾಸಿಗಳು ಮಾತ್ರ ಅದರ ಕೂಗು ಕೇಳಿ ‘ಆಯಿ’ ಎಂದು ಕರೆದರು. ಕಾಗೆಯನ್ನು ಕಾಗೆ ಎಂದು ನಾವು ಕರೆದ ಹಾಗೆ.

ಈ ಹೆಸರಿನ ಗೊಂದಲ ನಮ್ಮ ಕಾಡಿನವರೆಗೂ ಬಂದಿತ್ತು. ದರೋಜಿ ಕರಡಿಧಾಮದಲ್ಲಿ ಬಂಡೆ ಮೇಲೆ ಓಡಾಡುವ ನಮ್ಮ ಕರಡಿಗೆ ಇಂಗ್ಲಿಷಿನಲ್ಲಿ ಇಂದಿಗೂ ‘ಸ್ಲಾತ್ ಬೇರ್’ ಎನ್ನುತ್ತಾರೆ. ಕಾರಣ ಇಷ್ಟು: 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ವಿಜ್ಞಾನಿ ಈ ಪ್ರಾಣಿಯನ್ನು ಸ್ಲಾತ್‌ಗಳ ಗುಂಪಿಗೆ ಸೇರಿಸಿ ಹೆಸರಿಟ್ಟ. ಉದ್ದ ಬಾಗಿದ ಉಗುರು, ಮೇಲಿನ ಸಾಲಿನಲ್ಲಿ ಇಲ್ಲದ ಎರಡು ಮುಂಹಲ್ಲು, ಇವನ್ನು ನೋಡಿ ಹಾಗಂದುಕೊಂಡ. ಗೆದ್ದಲನ್ನು ಹೀರಿಕೊಳ್ಳಲು ಅನುಕೂಲವಾಗಲೆಂದು ಆ ಹಲ್ಲುಗಳಿಲ್ಲ ಎಂಬುದು ಆತನಿಗೆ ತಿಳಿಯುವಂತಿರಲಿಲ್ಲ. ಆಮೇಲೆ ಬಂದವರು ಇದು ಕರಡಿಯೇ ಎಂದು ತಿದ್ದಿದರು. ಹೆಸರಿನ ಬಾಲ ಮಾತ್ರ ಉಳಿದುಕೊಂಡಿತು. ನಮ್ಮ ಕಾಡುಪಾಪದ ಬಂಗಾಳದ ದಾಯಾದಿಗೂ ಇದೇ ಗತಿ. ಅದನ್ನು 1770ರಲ್ಲಿ ವೋಸ್ಮಾರ್ ಎಂಬ ಡಚ್ಚರವನು ‘ಬಂಗಾಳದ ಐದು ಬೆರಳಿನ ಸ್ಲಾತ್’ ಎಂದು ವರ್ಣಿಸಿದ್ದ. ನಿಧಾನವಾಗಿ ನಡೆದದ್ದೆಲ್ಲ ಸ್ಲಾತ್ ಆಗಿಬಿಡುತ್ತಿದ್ದ ಕಾಲ ಅದು.

ಈಗ ಐನೂರು ವರ್ಷ ಹಿಂದಕ್ಕೆ, ಪನಾಮಾ ಕಡೆಗೆ ಹೋಗೋಣ.

ಗೊನ್ಸಾಲೊ ಫೆರ್ನಾಂಡಿಸ್ ದೆ ಒವಿಯೆದೊ ಎಂಬವನು ಸ್ಪೇನ್ ರಾಜನ ಅಧಿಕಾರಿ. 1514ರಲ್ಲಿ ಡೇರಿಯನ್ ಎಂಬಲ್ಲಿಗೆ ಬಂದ. ಚಿನ್ನ ಕರಗಿಸುವುದರ ಮೇಲ್ವಿಚಾರಣೆ ಅವನ ಕೆಲಸ. ಅದರ ಜೊತೆಗೆ ಆ ನಾಡಿನ ಮರ, ಹಕ್ಕಿ, ಮೃಗಗಳ ಬಗ್ಗೆ ಬರೆದಿಡುತ್ತಿದ್ದ. 1526ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಸ್ಲಾತ್ ಇದೆ. ಅಲ್ಲಿನ ಸ್ಪೇನಿನವರು ಅದನ್ನು ತಮಾಷೆಗೆ ‘ಚುರುಕು ಪೆದ್ರ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರಂತೆ. ಒವಿಯೆದೊ ಒಂದನ್ನು ಮನೆಯಲ್ಲೇ ಇಟ್ಟುಕೊಂಡಿದ್ದ. ಏನಿಟ್ಟರೂ ತಿನ್ನಲಿಲ್ಲ. ಗಾಳಿ ಬೀಸುವ ಕಡೆ ಮುಖ ಮಾಡಿ ಕೂರುತ್ತಿತ್ತು. ಕೊನೆಗೆ ಅವನು, ಈ ಪ್ರಾಣಿ ಗಾಳಿ ಕುಡಿದೇ ಬದುಕುತ್ತಿರಬೇಕು ಎಂಬ ತೀರ್ಮಾನಕ್ಕೆ ಬಂದ. ಇಷ್ಟು ಕುರೂಪದ, ಇಷ್ಟು ಕೆಲಸಕ್ಕೆ ಬಾರದ ಪ್ರಾಣಿಯನ್ನು ತಾನು ಕಂಡಿಲ್ಲ ಎಂದೂ ಸೇರಿಸಿದ.

ಮೂವತ್ತು ವರ್ಷದ ನಂತರ ಬ್ರೆಜಿಲ್ ಕರಾವಳಿಗೆ ಫ್ರೆಂಚ್ ಪಾದ್ರಿ ಆಂದ್ರೆ ತೆವೆ ಬಂದ. ಅವನಿಗೂ ಒಂದು ಸ್ಲಾತ್ ಸಿಕ್ಕಿತು. 26 ದಿನ ಇಟ್ಟುಕೊಂಡ. ಅಷ್ಟೂ ದಿನ ಅದು ತಿನ್ನಲೂ ಇಲ್ಲ, ಕುಡಿಯಲೂ ಇಲ್ಲ ಎಂದು 1557ರ ಪುಸ್ತಕದಲ್ಲಿ ಬರೆದ. ಅವನದ್ದೂ ಅದೇ ಮಾತು: ಇದು ಗಾಳಿಯಿಂದ ಬದುಕುವ ಪ್ರಾಣಿ. ಆ ಪುಸ್ತಕದ ಚಿತ್ರದಲ್ಲಿ ಕರಡಿಯಂಥ ಮೈ, ಮನುಷ್ಯನ ಮುಖ. ಯುರೋಪಿನ ಪಂಡಿತರು ಆ ಚಿತ್ರವನ್ನೇ ನೋಡಿ ನೋಡಿ ನಕಲು ಮಾಡಿಕೊಂಡರು.

ದನ ಕುರಿ ಸಾಕಿದವರಿಗೆ ಇದನ್ನು ಓದುವಾಗ ಮೈ ಚುರುಗುಟ್ಟಬೇಕು. ಸಂತೆಯಿಂದ ತಂದ ಆಡು ಎರಡು ದಿನ ಮೇವು ಮುಟ್ಟದಿದ್ದರೆ ನಮ್ಮಲ್ಲಿ ಯಾರೂ ‘ಇದು ಗಾಳಿ ಕುಡಿಯುವ ಆಡು’ ಎನ್ನುವುದಿಲ್ಲ. ಊರು ಬದಲಾಗಿದೆ, ಸೊಪ್ಪು ಬದಲಾಗಿದೆ, ಹೆದರಿದೆ ಎನ್ನುತ್ತೇವೆ. ಅದು ಹಿಂದೆ ಏನು ತಿನ್ನುತ್ತಿತ್ತು ಎಂದು ಮಾರಿದವರನ್ನು ಕೇಳುತ್ತೇವೆ. ತೆವೆಯ ಸ್ಲಾತ್ 26 ದಿನ ಉಪವಾಸವಿತ್ತು ಎಂಬುದು ನಿಜವಿರಬಹುದು. ಅದರ ಮೈ ಅಷ್ಟು ನಿಧಾನ. ನಿಧಾನವಾಗಿ ಸಾಯುತ್ತಿದ್ದುದನ್ನು ಅವನು ಬದುಕುವ ವಿಧಾನ ಎಂದುಕೊಂಡ.

ಇನ್ನೂರು ವರ್ಷ ದಾಟಿ 1765ಕ್ಕೆ ಬಂದರೆ ಫ್ರಾನ್ಸಿನ ಬುಫೋನ್ ಸಿಗುತ್ತಾನೆ. ಆ ಕಾಲದ ಬಹು ದೊಡ್ಡ ಪ್ರಾಣಿಶಾಸ್ತ್ರಜ್ಞ. ಅವನ ಪುಸ್ತಕಗಳನ್ನು ಓದದ ವಿದ್ಯಾವಂತರು ಯುರೋಪಿನಲ್ಲಿರಲಿಲ್ಲ. ಸ್ಲಾತ್ ಎಂದರೆ ಪ್ರಕೃತಿ ಕೆಡಿಸಿಟ್ಟ ಪ್ರಾಣಿ, ಇನ್ನೊಂದೇ ಒಂದು ಕೊರತೆ ಇದ್ದಿದ್ದರೆ ಬದುಕಿಯೇ ಇರುತ್ತಿರಲಿಲ್ಲ ಎಂದು ಅವನು ಬರೆದ. ಕಾಡಿನಲ್ಲಿ ಜೋತಾಡುವ ಸ್ಲಾತನ್ನು ಅವನು ನೋಡಿದವನಲ್ಲ.

ಮೊದಲು ಸರಿಯಾಗಿ ಕಂಡವನು ಒಬ್ಬ ವಿಚಿತ್ರ ಮನುಷ್ಯ. ಚಾರ್ಲ್ಸ್ ವಾಟರ್ಟನ್ ಇಂಗ್ಲೆಂಡಿನ ಜಮೀನುದಾರ, ಹಕ್ಕಿ ಪ್ರಾಣಿಗಳ ಹುಚ್ಚು. ದಕ್ಷಿಣ ಅಮೆರಿಕದ ಗಯಾನಾ ಕಾಡುಗಳಲ್ಲಿ ಓಡಾಡಿ 1825ರಲ್ಲಿ ಪುಸ್ತಕ ಬರೆದ. ಅವನೂ ತನ್ನ ಕೋಣೆಯಲ್ಲಿ ಒಂದು ಸ್ಲಾತನ್ನು ಹಲವು ತಿಂಗಳು ಇಟ್ಟುಕೊಂಡಿದ್ದ. ಅವನು ಗಮನಿಸಿದ್ದು ಸಣ್ಣ ಸಂಗತಿ. ನಯವಾದ ನೆಲದ ಮೇಲೆ ಬಿಟ್ಟರೆ ಪ್ರಾಣಿ ಒದ್ದಾಡುತ್ತದೆ. ಒರಟು ನೆಲ ಸಿಕ್ಕರೆ ಉಗುರು ಕಚ್ಚಿಸಿ ಮುಂದೆ ಸಾಗುತ್ತದೆ. ಕುರ್ಚಿಯ ಬೆನ್ನು ಸಿಕ್ಕರೆ ಅದಕ್ಕೆ ಜೋತುಬಿದ್ದು ಗಂಟೆಗಟ್ಟಲೆ ನೆಮ್ಮದಿಯಿಂದಿರುತ್ತದೆ.

ಒಮ್ಮೆ ಎಸೆಕ್ವಿಬೊ ನದಿಯ ದಂಡೆಯಲ್ಲಿ ನೆಲದ ಮೇಲಿದ್ದ ದೊಡ್ಡ ಸ್ಲಾತ್ ಒಂದು ವಾಟರ್ಟನ್‌ಗೆ ಸಿಕ್ಕಿತು. ಉದ್ದ ಕೋಲು ಚಾಚಿದ, ಅದು ಕೋಲಿಗೆ ಉಗುರು ಸಿಕ್ಕಿಸಿಕೊಂಡಿತು. ಹಾಗೇ ಎತ್ತಿ ಒಂದು ಎತ್ತರದ ಮರಕ್ಕೆ ಮುಟ್ಟಿಸಿದ. ನೆಲದಲ್ಲಿ ಹೆಳವನಂತಿದ್ದ ಪ್ರಾಣಿ ಸರಸರನೆ ಮೇಲೇರಿ, ಕೊಂಬೆಯಿಂದ ಕೊಂಬೆಗೆ ದಾಟಿ ಕಣ್ಣಿಗೆ ಮರೆಯಾಯಿತು. ಇದು ನೆಲದ ಪ್ರಾಣಿಯಲ್ಲ, ಜೋತಾಡಲು ಹುಟ್ಟಿದ್ದು, ಮರದಲ್ಲಿಟ್ಟು ನೋಡಿ ಎಂದು ವಾಟರ್ಟನ್ ಬರೆದ. ಅದನ್ನೋದಿ ನಕ್ಕವರೂ ಇದ್ದರು.

ಅವನ ಮಾತಿನಿಂದ ಕೂಡಲೇ ಏನೂ ಬದಲಾಗಲಿಲ್ಲ. ಆ ಶತಮಾನದಲ್ಲಿ ಯುರೋಪಿನ ದೊಡ್ಡ ಪಟ್ಟಣಗಳಲ್ಲೆಲ್ಲ ಮೃಗಾಲಯಗಳು ಎದ್ದವು. ಲಂಡನ್ನಿನದು 1828ರಲ್ಲಿ ಶುರುವಾಯಿತು. ಅಪರೂಪದ ಪ್ರಾಣಿ ಇದ್ದಷ್ಟೂ ಹೆಸರು, ಟಿಕೆಟ್ಟು. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ, ಚಳಿ ದೇಶ, ಗೊತ್ತಿಲ್ಲದ ಮೇವು. ಬದುಕಿ ದಡ ಸೇರಿದ ಸ್ಲಾತ್‌ಗಳೂ ಬಹಳ ದಿನ ಬಾಳುತ್ತಿರಲಿಲ್ಲ. ಅದರಲ್ಲೂ ಮೂರು ಉಗುರಿನವು.

ಇಲ್ಲಿ ಎರಡು ಬಗೆಯ ವ್ಯತ್ಯಾಸ ಹೇಳಲೇಬೇಕು. ಹಿಂಗಾಲಿನಲ್ಲಿ ಎಲ್ಲ ಸ್ಲಾತ್‌ಗಳಿಗೂ ಮೂರೇ ಉಗುರು. ಮುಂಗಾಲಿನಲ್ಲಿ ಕೆಲವಕ್ಕೆ ಮೂರು, ಕೆಲವಕ್ಕೆ ಎರಡು. ಒಂದು ಉಗುರು ಹೆಚ್ಚು ಕಡಿಮೆ, ಅದರಲ್ಲೇನಿದೆ ಎನಿಸಬಹುದು. ಆದರೆ ಇವೆರಡರ ಸಂಬಂಧ ಬಹಳ ದೂರದ್ದು. ಎರಡು ಉಗುರಿನದು ದೊಡ್ಡದು, ಎಂಟು ಕಿಲೊವರೆಗೂ ತೂಗುತ್ತದೆ. ರಾತ್ರಿ ಓಡಾಡುತ್ತದೆ, ಎಲೆಯ ಜೊತೆ ಹಣ್ಣು, ಚಿಗುರು, ಹೂವು ತಿನ್ನುತ್ತದೆ, ಸಿಟ್ಟು ಬಂದರೆ ಕಚ್ಚುತ್ತದೆ. ಮೂರು ಉಗುರಿನದು ನಾಲ್ಕು ಕಿಲೊ ಆಸುಪಾಸು. ಅದಕ್ಕೆ ಎಲೆಯೇ ಊಟ.

ಆ ಎಲೆಯೂ ಯಾವುದೋ ಎಲೆಯಲ್ಲ. 1970ರ ದಶಕದಲ್ಲಿ ಪನಾಮಾ ಕಾಲುವೆಯ ನಡುವಿನ ಬಾರೊ ಕೊಲೊರಾಡೊ ದ್ವೀಪದಲ್ಲಿ ಮಾಂಟ್ಗೊಮೆರಿ ಮತ್ತು ಸನ್‌ಕ್ವಿಸ್ಟ್ ಎಂಬ ಇಬ್ಬರು ಸಂಶೋಧಕರು ಸ್ಲಾತ್‌ಗಳ ಬೆನ್ನು ಹತ್ತಿದರು. ಒಂದೊಂದು ಸ್ಲಾತಿಗೂ ತನ್ನದೇ ಆದ ಮರಗಳ ಪಟ್ಟಿ ಇರುತ್ತದೆ, ಪಕ್ಕದ ಸ್ಲಾತಿನ ಪಟ್ಟಿ ಬೇರೆ, ಮತ್ತು ಮರಿ ಈ ಪಟ್ಟಿಯನ್ನು ತಾಯಿಯಿಂದ ಕಲಿಯುತ್ತದೆ ಎಂಬುದು ಅವರಿಗೆ ತಿಳಿಯಿತು. ತಾಯಿಯ ಹೊಟ್ಟೆ ಮೇಲೆ ಮಲಗಿ, ತಾಯಿ ತಿನ್ನುವ ಎಲೆಯನ್ನೇ ಮೂಸಿ, ನೆಕ್ಕಿ, ಅದಕ್ಕೇ ಒಗ್ಗಿಕೊಳ್ಳುತ್ತದೆ.

ಅದರ ಹೊಟ್ಟೆ ದನದ ಹೊಟ್ಟೆಯ ಹಾಗೆ ಹಲವು ಕೋಣೆಗಳದ್ದು. ಒಳಗೆ ಸೂಕ್ಷ್ಮಜೀವಿಗಳು ಎಲೆಯನ್ನು ಕೊಳೆಸಿ ಅರಗಿಸಬೇಕು. ದನಕ್ಕೆ ಎರಡು ಮೂರು ದಿನ ಹಿಡಿಯುವ ಕೆಲಸಕ್ಕೆ ಇಲ್ಲಿ ವಾರಗಟ್ಟಲೆ ಬೇಕು. ಎಲೆಯಿಂದ ಸಿಗುವ ಶಕ್ತಿ ಬಹಳ ಕಡಿಮೆಯಾದ್ದರಿಂದ ಖರ್ಚನ್ನೂ ಕಡಿಮೆ ಮಾಡಿಕೊಂಡಿದೆ. ನಿಧಾನ ಎಂದರೆ ಅದರ ಲೆಕ್ಕಾಚಾರ. ವಾರಕ್ಕೊಮ್ಮೆ ಮಾತ್ರ ಮರದಿಂದಿಳಿದು ಬುಡದಲ್ಲಿ ಹಿಕ್ಕೆ ಹಾಕಿ ಮತ್ತೆ ಹತ್ತುತ್ತದೆ. ಆ ಒಂದು ಸಲಕ್ಕೆ ಮೈತೂಕದ ಮೂರನೇ ಒಂದು ಭಾಗದವರೆಗೂ ಇಳಿಯುವುದುಂಟು.

ಇಂಥ ಪ್ರಾಣಿಯನ್ನು ಅದರ ಮರಗಳಿಂದ ಕಿತ್ತು ಸಾವಿರಾರು ಮೈಲಿ ದೂರ ತಂದು ಬ್ರೆಡ್ಡು, ಕ್ಯಾರೆಟ್ಟು ಇಟ್ಟರೆ ಏನಾಗಬೇಕೋ ಅದೇ ಆಯಿತು. ಇಂದಿಗೂ ಮೂರು ಉಗುರಿನ ಸ್ಲಾತ್ ಅದರ ನಾಡಿನ ಹೊರಗಿನ ಮೃಗಾಲಯಗಳಲ್ಲಿ ಕಾಣಸಿಗುವುದು ಬಹಳ ಅಪರೂಪ. ನೀವು ಯಾವುದೇ ಪರದೇಶದ ಮೃಗಾಲಯದ ವಿಡಿಯೊದಲ್ಲಿ ಸ್ಲಾತ್ ನೋಡಿದರೆ ಅದು ಎರಡು ಉಗುರಿನದೇ ಎಂದು ಕಣ್ಣುಮುಚ್ಚಿ ಹೇಳಬಹುದು.

ಮೂರು ಉಗುರಿನದನ್ನು ಬದುಕಿಸುವ ಪಾಠ ಮೃಗಾಲಯಗಳಿಗಿಂತ ಹೆಚ್ಚಾಗಿ ಅದರ ಊರಿನಲ್ಲೇ ಸಿಕ್ಕಿತು. 1992ರಲ್ಲಿ ಕೋಸ್ಟರಿಕಾದ ಕರಾವಳಿಯಲ್ಲಿ ಜೂಡಿ ಆವೆ ಮತ್ತು ಲೂಯಿಸ್ ಅರೋಯೊ ದಂಪತಿಯ ಮನೆಗೆ ಒಂದು ತಬ್ಬಲಿ ಮರಿ ಬಂತು. ಬಟರ್‌ಕಪ್ ಎಂದು ಹೆಸರಿಟ್ಟರು. ಕೇಳಿ ತಿಳಿಯೋಣವೆಂದರೆ ಈ ಪ್ರಾಣಿ ಸಾಕಿ ಬಲ್ಲವರು ಹೆಚ್ಚಿರಲಿಲ್ಲ. ಸುತ್ತಲಿನ ಕಾಡಿನಿಂದ ಎಲೆ ತಂದಿಟ್ಟು, ಯಾವುದು ತಿನ್ನುತ್ತದೆಂದು ನೋಡುತ್ತ ಕಲಿತರು. ಬಟರ್‌ಕಪ್ ದಶಕಗಳ ಕಾಲ ಬದುಕಿತು. ಆ ಮನೆ ಮುಂದೆ ಸ್ಲಾತ್‌ಗಳ ಆಶ್ರಯಧಾಮವೇ ಆಯಿತು. ಕರೆಂಟ್ ತಂತಿ ತಗುಲಿದವು, ನಾಯಿ ಕಚ್ಚಿದವು, ರಸ್ತೆ ದಾಟುವಾಗ ಗಾಡಿಗೆ ಸಿಕ್ಕವು ಅಲ್ಲಿಗೆ ಬರುತ್ತವೆ.

ಎರಡು ಉಗುರಿನದರ ಕಥೆ ಬೇರೆ ದಾರಿ ಹಿಡಿಯಿತು. ಅದು ಕೊಟ್ಟಿದ್ದನ್ನು ತಿಂದು ಹೇಗೋ ಬದುಕುತ್ತಿತ್ತು. ಆದರೆ ಬದುಕುವುದು ಬೇರೆ, ಮರಿ ಹಾಕಿ ಸಂಸಾರ ಬೆಳೆಸುವುದು ಬೇರೆ. ಅದಕ್ಕೆ ಸಾಕುವವರು ಒಂದೊಂದಾಗಿ ಬದಲಾಗಬೇಕಾಯಿತು.

ಮೊದಲನೆಯದು ಬಿಸಿ. ಸ್ಲಾತ್ ತನ್ನ ಮೈಯನ್ನು ತಾನೇ ಬಿಸಿಯಾಗಿಟ್ಟುಕೊಳ್ಳುವುದರಲ್ಲಿ ಬಹಳ ಹಿಂದೆ. ಸುತ್ತ ಚಳಿಯಾದರೆ ಅದರ ಮೈಯೂ ತಣ್ಣಗಾಗುತ್ತದೆ. ಮೈ ತಣ್ಣಗಾದರೆ ಹೊಟ್ಟೆಯ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುತ್ತವೆ. ಹೊಟ್ಟೆ ತುಂಬ ಸೊಪ್ಪಿದ್ದೂ ಪ್ರಾಣಿ ಹಸಿವಿನಿಂದ ಸಾಯಬಹುದು ಎನ್ನುತ್ತಾರೆ ಅದನ್ನು ಆರೈಕೆ ಮಾಡುವವರು. ಚಳಿಗಾಲದಲ್ಲಿ ಹಿಮ ಬೀಳುವ ಊರುಗಳಲ್ಲಿ ವರ್ಷವಿಡೀ ಬೆಚ್ಚಗೂ ಹಸಿಯಾಗಿಯೂ ಇರುವ ಗಾಜಿನ ಮನೆಗಳು ಬಂದಮೇಲೆ ಸ್ಲಾತ್‌ಗಳ ಆಯಸ್ಸು ಬದಲಾಯಿತು.

ಎರಡನೆಯದು ಮೇವು. ಮೃಗಾಲಯಗಳಲ್ಲಿ ಬಾಳೆಹಣ್ಣು, ಬೇಯಿಸಿದ ಮೊಟ್ಟೆಯಂಥವನ್ನು ಹಾಕುತ್ತಿದ್ದರು. ಸ್ಲಾತ್ ಖುಷಿಯಿಂದ ತಿನ್ನುತ್ತಿತ್ತು. ಮಕ್ಕಳು ಕುರ್‌ಕುರೆ ತಿನ್ನುವುದಿಲ್ಲವೇ, ಹಾಗೆ. ಸಿಹಿ ಹೆಚ್ಚಾದರೆ ಎಲೆಗೆಂದು ಹುಟ್ಟಿದ ಹೊಟ್ಟೆ ಉಬ್ಬರಿಸುತ್ತದೆ, ಕೆಡುತ್ತದೆ. ಹಣ್ಣು ಇಳಿಸಿ, ಸೊಪ್ಪು ತರಕಾರಿ ಏರಿಸಿ, ನಾರಿನಂಶ ಹೆಚ್ಚಿರುವ ಮೇವು ಕೊಡುವ ಪದ್ಧತಿ ಬರುವುದಕ್ಕೆ ಬಹಳ ಕಾಲ ಹಿಡಿಯಿತು.

ಮೂರನೆಯದು ಓದಿದರೆ ನಿಮಗೆ ನಗು ಬರಬಹುದು. ಗಂಡು ಯಾವುದು, ಹೆಣ್ಣು ಯಾವುದು ಎಂಬುದೇ ಗೊತ್ತಾಗುತ್ತಿರಲಿಲ್ಲ. ಎರಡು ಉಗುರಿನ ಸ್ಲಾತಿನ ಗಂಡಿಗೆ ಬೀಜ ಹೊರಗೆ ಕಾಣುವುದಿಲ್ಲ, ಹೊಟ್ಟೆಯೊಳಗೇ ಇರುತ್ತದೆ. ಹೊರಗಿನಿಂದ ನೋಡಿದರೆ ಗಂಡೂ ಹೆಣ್ಣೂ ಒಂದೇ ಥರ. ಜೋಡಿ ಎಂದು ಒಟ್ಟಿಗೆ ಬಿಟ್ಟವು ಎರಡೂ ಗಂಡೇ, ಅಥವಾ ಎರಡೂ ಹೆಣ್ಣೇ ಎಂದು ವರ್ಷಗಳ ಮೇಲೆ ಗೊತ್ತಾಗುವುದು ಮೃಗಾಲಯಗಳಲ್ಲಿ ಹೊಸ ಸುದ್ದಿಯೇನಲ್ಲ. ಈಗ ಕೂದಲು ಕಿತ್ತು ಡಿಎನ್‌ಎ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳುತ್ತಾರೆ. ಅದರ ಮೇಲೆ ಎರಡು ಉಗುರಿನದರಲ್ಲೂ ಎರಡು ಜಾತಿ. ಲಿನೇಯಸ್‌ನದು ಒಂದು, ಹಾಫ್‌ಮನ್‌ನದು ಇನ್ನೊಂದು. ನೋಡಲು ಹೆಚ್ಚು ಕಡಿಮೆ ಒಂದೇ. ಇವು ಬೆರೆತು ಹುಟ್ಟಿದ ಬೆರಕೆ ಮರಿಗಳೂ ಉಂಟು. ಆಮೇಲೆ ಯಾವುದು ಯಾರ ಮಗ ಎಂಬ ವಂಶಾವಳಿ ಪುಸ್ತಕ ಇಡುವುದು ಶುರುವಾಯಿತು.

ಗಬ್ಬದ ಲೆಕ್ಕವೂ ತಪ್ಪಿತ್ತು. ಆರು ತಿಂಗಳು ಎಂದು ಹಳೆಯ ಪುಸ್ತಕಗಳಲ್ಲಿ ಬರೆದುಕೊಂಡಿದ್ದರು. ಮೃಗಾಲಯಗಳಲ್ಲಿ ದಿನ ಎಣಿಸಿ ನೋಡಿದ ಮೇಲೆ ಹತ್ತು ತಿಂಗಳಿಂದ ಹನ್ನೊಂದೂವರೆ ತಿಂಗಳು ಎಂದು ತಿಳಿಯಿತು. ಎಂಟು ಕಿಲೊ ಪ್ರಾಣಿಗೆ ನಮ್ಮ ಎಮ್ಮೆಯಷ್ಟು ಗಬ್ಬ! ಒಂದು ಸಲಕ್ಕೆ ಒಂದೇ ಮರಿ. ಜೋತುಬಿದ್ದೇ ಈಯುತ್ತದೆ. ಹುಟ್ಟಿದ ಮರಿ ಕಣ್ಣು ತೆರೆದಿರುತ್ತದೆ, ಉಗುರು ಬಂದಿರುತ್ತದೆ, ತಾನೇ ತಾಯಿಯ ಕೂದಲು ಹಿಡಿದು ಎದೆ ಮೇಲೇರಿ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ತಾಯಿಗೆ ಕೆಚ್ಚಲು ತುಂಬಿ ಹಾಲು ನಿಲ್ಲುವುದಿಲ್ಲ. ಸ್ವಲ್ಪ ಸ್ವಲ್ಪವೇ ಬರುತ್ತದೆ, ಮರಿ ಮತ್ತೆ ಮತ್ತೆ ಚೀಪುತ್ತಿರಬೇಕು.

ಆ ಹಾಲು ನಿಂತುಹೋದರೆ? 2014ರಲ್ಲಿ ಲಂಡನ್ ಮೃಗಾಲಯದಲ್ಲಿ ಹಾಗೇ ಆಯಿತು. ಮರ್ಲಿನ್ ಎಂಬ ತಾಯಿಗೆ ಹಾಲು ಬತ್ತಿತು. ಮರಿಯನ್ನು ಸಾಕುವವರೇ ಎತ್ತಿಕೊಂಡು ಹಾಲು ಕುಡಿಸಿದರು. ಎಡ್ವರ್ಡ್ ಎಂದು ಹೆಸರು. ಹಾಲು ಸಿಕ್ಕರೆ ಸಾಲದು, ಹಿಡಿದು ಜೋತಾಡಲು ತಾಯಿಯ ಮೈ ಬೇಕು, ಇಲ್ಲದಿದ್ದರೆ ಕೈಕಾಲಿಗೆ ಬಲ ಬರುವುದಿಲ್ಲ. ಅದಕ್ಕೊಂದು ಬೊಂಬೆ ಕರಡಿ ಕೊಟ್ಟರು. ಎಡ್ವರ್ಡ್ ಆ ಬೊಂಬೆಯನ್ನು ತಬ್ಬಿಕೊಂಡು ಹತ್ತುವುದನ್ನು ಕಲಿಯಿತು. ಫೋಟೊ ಲೋಕವೆಲ್ಲ ಸುತ್ತಿತು. ಶಾ ಎಂಬವನು ಕರಡಿಯನ್ನು ಸ್ಲಾತ್ ಎಂದಿದ್ದನಲ್ಲ, ಇಲ್ಲಿ ಸ್ಲಾತ್ ಮರಿ ಕರಡಿಯನ್ನು ಅಮ್ಮ ಎಂದುಕೊಂಡಿತು.

ಇಷ್ಟೆಲ್ಲ ಕಲಿತದ್ದರ ಫಲ ನೋಡಬೇಕೆಂದರೆ ಜರ್ಮನಿಯ ಕ್ರೆಫೆಲ್ಡ್ ಊರಿನ ಯಾನ್ ಎಂಬ ಸ್ಲಾತನ್ನು ನೋಡಬೇಕು. 1970ರಲ್ಲಿ ಮರಿಯಾಗಿದ್ದಾಗ ಹ್ಯಾಂಬರ್ಗಿಗೆ ಬಂದದ್ದು, 1986ರಿಂದ ಕ್ರೆಫೆಲ್ಡ್ ಮೃಗಾಲಯದಲ್ಲಿದೆ. ಐವತ್ತು ದಾಟಿದ ಮೇಲೆ ಲೋಕದ ಅತಿ ಹಿರಿಯ ಸ್ಲಾತ್ ಎಂದು ಗಿನ್ನೆಸ್ ದಾಖಲೆಗೆ ಸೇರಿತು. ಇಪ್ಪತ್ತಕ್ಕೂ ಹೆಚ್ಚು ಮರಿಗಳ ಅಪ್ಪ. ಒವಿಯೆದೊನ ಮನೆಯಲ್ಲಿ ಗಾಳಿಗೆ ಮುಖ ಮಾಡಿ ಕೂತಿದ್ದ ಪ್ರಾಣಿಯ ದೂರದ ನೆಂಟ ಇದು.

ಸಾಕುವುದು ಗೊತ್ತಾಯಿತು, ಇನ್ನೇನು ತೊಂದರೆ ಎನ್ನಬೇಡಿ. ಗೊತ್ತಾದ ಮೇಲೆ ಬೇರೆ ತೊಂದರೆ ಬಂತು. 2010ರ ನಂತರ ಸ್ಲಾತ್ ವಿಡಿಯೊಗಳು ಇಂಟರ್ನೆಟ್ಟಿನಲ್ಲಿ ಹರಡಿದವು. 2012ರಲ್ಲಿ ಅಮೆರಿಕದ ನಟಿ ಕ್ರಿಸ್ಟನ್ ಬೆಲ್ ತನ್ನ ಹುಟ್ಟುಹಬ್ಬಕ್ಕೆ ಸ್ಲಾತ್ ಬಂದಿದೆ ಎಂದು ಕೇಳಿ ಖುಷಿಯಿಂದ ಅತ್ತ ವಿಡಿಯೊವನ್ನು ಕೋಟ್ಯಂತರ ಜನ ನೋಡಿದರು. ಐನೂರು ವರ್ಷ ಕುರೂಪಿ ಎನಿಸಿಕೊಂಡಿದ್ದು ಒಂದೇ ಏಟಿಗೆ ಮುದ್ದು ಎನಿಸಿಕೊಂಡಿತು. ಕೈಯಲ್ಲಿ ಎತ್ತಿಕೊಂಡು ಸೆಲ್ಫಿ ತೆಗೆಸಿಕೊಳ್ಳಲು ಹಣ ಕೊಡುವ ಜನ ಬಂದರು, ಹಣ ಪಡೆಯುವವರೂ ಬಂದರು. ಎತ್ತಿಕೊಂಡಾಗ ಅದು ಓಡುವುದಿಲ್ಲ, ಒದೆಯುವುದಿಲ್ಲ. ಹೆದರಿದಾಗ ಅಲ್ಲಾಡದೆ ಇರುವುದೇ ಅದರ ರಕ್ಷಣೆ. ಫೋಟೊದಲ್ಲಿ ಮಾತ್ರ ನಗುತ್ತಿರುತ್ತದೆ.

ಕೊನೆಯದಾಗಿ ಮತ್ತೆ ಪನಾಮಾ.

ಪನಾಮಾದ ಕರಾವಳಿಯಿಂದ ಸುಮಾರು 17 ಕಿಲೊಮೀಟರ್ ದೂರದಲ್ಲಿ ಎಸ್ಕುಡೊ ದೆ ವೆರಾಗ್ವಾಸ್ ಎಂಬ ಪುಟ್ಟ ದ್ವೀಪವಿದೆ. ನಾಲ್ಕು ಚದರ ಕಿಲೊಮೀಟರ್ ಚಿಲ್ಲರೆ. ನಮ್ಮಲ್ಲಿ ಒಂದು ದೊಡ್ಡ ಊರಿನ ಹೊಲಗದ್ದೆಗಳಷ್ಟೇ ಜಾಗ. ಸುಮಾರು ಒಂಬತ್ತು ಸಾವಿರ ವರ್ಷದ ಹಿಂದೆ ಸಮುದ್ರ ಏರಿ ಇದು ದೊಡ್ಡ ನೆಲದಿಂದ ಬೇರೆಯಾಯಿತು. ಅಲ್ಲಿ ಉಳಿದುಕೊಂಡ ಮೂರು ಉಗುರಿನ ಸ್ಲಾತ್‌ಗಳು ಕಾಲ ಕಳೆದಂತೆ ಕುಳ್ಳಗಾದವು. ಇದು ಬೇರೆಯೇ ಜಾತಿ ಎಂದು ವಿಜ್ಞಾನಿಗಳು ಹೆಸರಿಟ್ಟಿದ್ದು 2001ರಲ್ಲಿ. ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಹೆಚ್ಚಾಗಿ ಕಾಣುವುದು ದಡದ ಕಾಂಡ್ಲಾ ಮರಗಳಲ್ಲಿ. ನಮ್ಮ ಕುಂದಾಪುರ, ಕುಮಟಾ ಕಡೆಯ ಹಿನ್ನೀರಿನಲ್ಲಿ ಬೇರು ಚಾಚಿ ನಿಲ್ಲುವುದಲ್ಲ, ಅದೇ ಬಳಗದ ಮರ. 2012ರಲ್ಲಿ ಪ್ರಕಟವಾದ ಎಣಿಕೆಯಲ್ಲಿ ಕಣ್ಣಿಗೆ ಸಿಕ್ಕವು 79. ಒಳಕಾಡಿನಲ್ಲಿರುವವನ್ನೂ ಲೆಕ್ಕಕ್ಕೆ ತಂದ ನಂತರದ ಅಂದಾಜುಗಳು ಇದಕ್ಕಿಂತ ಹೆಚ್ಚು. ಆದರೆ ಆಗ ಎಲ್ಲರ ಬಾಯಲ್ಲಿದ್ದ ಸಂಖ್ಯೆ 79.

2013ರ ಸೆಪ್ಟೆಂಬರಿನಲ್ಲಿ ಅಮೆರಿಕದ ಡಲ್ಲಾಸ್ ವರ್ಲ್ಡ್ ಅಕ್ವೇರಿಯಮ್ ಎಂಬ ಸಂಸ್ಥೆಯವರು ಆ ದ್ವೀಪಕ್ಕೆ ಬಂದು ಎಂಟು ಸ್ಲಾತ್‌ಗಳನ್ನು ಹಿಡಿದರು. ಮೂರು ಉಗುರಿನ ಸ್ಲಾತ್ ಸಾಕಿ ಅನುಭವವಿದ್ದ ಬೆರಳೆಣಿಕೆಯ ಜಾಗಗಳಲ್ಲಿ ಅದೂ ಒಂದು. ಉದ್ದೇಶ ಕೆಟ್ಟದ್ದೆಂದು ಹೇಳುವಂತಿಲ್ಲ. ದ್ವೀಪದಲ್ಲಿ ಇವು ಅಳಿದರೆ ಹೊರಗೊಂದು ಸಂಸಾರ ಇರಲಿ, ಮರಿ ಮಾಡಿಸೋಣ ಎಂಬುದು ಅವರ ವಾದ. ಪನಾಮಾದ ಪರಿಸರ ಇಲಾಖೆಯ ಪರವಾನಗಿಯೂ ಇತ್ತು.

ಸ್ಲಾತ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು ಬೋಕಾಸ್ ದೆಲ್ ತೋರೊ ಪಟ್ಟಣದ ಸಣ್ಣ ವಿಮಾನ ನಿಲ್ದಾಣಕ್ಕೆ ತಂದರು. ಖಾಸಗಿ ವಿಮಾನ ಕಾಯುತ್ತಿತ್ತು. ಸುದ್ದಿ ಊರಿಗೆ ಹಬ್ಬಿತು. ಜನ ಬಂದರು, ಪೊಲೀಸರು ಬಂದರು, ಅಲ್ಲೇ ಅಡ್ಡ ನಿಂತರು. ನಮ್ಮನ್ನು ಒಂದು ಮಾತು ಕೇಳದೆ ನಮ್ಮ ಪ್ರಾಣಿಯನ್ನು ಹೇಗೆ ಒಯ್ಯುತ್ತೀರಿ ಎಂಬುದು ಅವರ ಪ್ರಶ್ನೆ. ಆ ದ್ವೀಪ ಙ್ಗೊಬೆ ಎಂಬ ಮೂಲನಿವಾಸಿಗಳ ನಾಡಿಗೆ ಸೇರಿದ್ದು. ಮೀನುಗಾರರು ಅಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಾರೆ. ರಾಜಧಾನಿಯ ಕಚೇರಿಯಲ್ಲಿ ಒತ್ತಿದ ಸೀಲು ಅವರವರೆಗೆ ತಲುಪಿರಲಿಲ್ಲ.

ಈ ಕಥೆಯನ್ನು ಎರಡೂ ಕಡೆಯಿಂದ ನೋಡಬೇಕು ಎನ್ನುವವರಿದ್ದಾರೆ. ನಾವೂ ನೋಡಿದೆವು. ಕಾಂಡ್ಲಾ ಕಡಿಯುವವರಲ್ಲಿ ಆ ಮೀನುಗಾರರೂ ಇದ್ದಾರೆ, ಅದು ಸುಳ್ಳಲ್ಲ. ಕಾಡು ಹೋದರೆ ಸ್ಲಾತ್ ಹೋಗುತ್ತದೆ, ಅದೂ ಸುಳ್ಳಲ್ಲ. ಆದರೆ ಈ ಕುಳ್ಳ ಸ್ಲಾತ್ ಅದರ ಮರಗಳಿಂದ ದೂರ ಬದುಕಿ ಮರಿ ಹಾಕಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅದರ ದೊಡ್ಡ ನೆಲದ ಅಣ್ಣತಮ್ಮಂದಿರೇ ಬೋನಿನಲ್ಲಿ ಹೇಗೆ ಸತ್ತರೆಂಬುದು ಎಲ್ಲರಿಗೂ ಗೊತ್ತಿತ್ತು. ಎಣಿಸಿದ 79ರಲ್ಲಿ ಎಂಟು ಎಂದರೆ ಹತ್ತರಲ್ಲೊಂದು. ಬಿತ್ತನೆಗೆ ಇಟ್ಟ ಬೀಜದಲ್ಲಿ ಹತ್ತರಲ್ಲೊಂದು ಪಾಲನ್ನು, ಮೊಳೆಯುತ್ತದೋ ಇಲ್ಲವೋ ತಿಳಿಯದ ಹೊಲಕ್ಕೆ ಚೆಲ್ಲಲು ಯಾವ ರೈತನೂ ಒಪ್ಪುವುದಿಲ್ಲ. ನಮ್ಮ ಮನಸ್ಸು ವಿಮಾನ ನಿಲ್ದಾಣದಲ್ಲಿ ಅಡ್ಡ ನಿಂತವರ ಕಡೆಗೇ ಹೋಗುತ್ತದೆ.

ವಿಮಾನ ಸ್ಲಾತ್‌ಗಳಿಲ್ಲದೆ ಹೋಯಿತು. ಎಂಟನ್ನೂ ದೋಣಿಯಲ್ಲಿ ದ್ವೀಪಕ್ಕೆ ವಾಪಸ್ ಒಯ್ದು ಕಾಂಡ್ಲಾ ಮರಗಳಿಗೆ ಬಿಟ್ಟರು.